ಒಂಬತ್ತನೇ ನಂಬರಿನ ಭಾವ

ನಮ್ಮ ಭಾವನವರ ಅಂಗಿ ಹರಿಯುವುದು ಕಾಲರಿನ ಹತ್ತಿರ, ನನ್ನ ಗಂಡನ ಚಡ್ಡಿ ಹರಿಯುವುದು ಎಡ ಸೊಂಟದ ಹತ್ತಿರ. ಇಬ್ಬರೂ ಒಂದೇ ಕ್ಲಬ್ಬಿಗೆ ಆಡುವವರು. ಕ್ಲಬ್ಬಿನ ಬಟ್ಟೆ ರಿಪೇರಿಯೆಲ್ಲ ನನ್ನ ಟೈಲರಿಂಗ್ ಅಂಗಡಿಗೇ ಬರುವುದರಿಂದ ಇದು ನನಗೆ ಬಾಯಿಪಾಠ. ಫುಟ್‌ಬಾಲಿನಲ್ಲಿ ಮುಂದೆ ನಿಂತು ಗೋಲು ಹೊಡೆಯುವವರನ್ನು ಎದುರಿನವರು ಹಿಂದಿನಿಂದ ಹಿಡಿದು ಜಗ್ಗುತ್ತಾರೆ, ಕಾಲರು ಕಿತ್ತು ಬರುತ್ತದೆ. ಹಿಂದೆ ನಿಂತು ಗೋಲು ತಡೆಯುವವರು ಚೆಂಡು ಕಿತ್ತುಕೊಳ್ಳಲು ನೆಲದ ಮೇಲೆ ಜಾರಿ ಬೀಳುತ್ತಾರೆ, ಸೊಂಟದ ಬಟ್ಟೆ ಸವೆದು ಹೋಗುತ್ತದೆ. ಒಬ್ಬರನ್ನು ಬೇರೆಯವರು ಎಳೆದಾಡುತ್ತಾರೆ, ಇನ್ನೊಬ್ಬರು ತಾವಾಗಿಯೇ ಹೋಗಿ ಬೀಳುತ್ತಾರೆ. ಅಣ್ಣತಮ್ಮಂದಿರ ಹಣೆಬರಹವೂ ಹಾಗೇ ಇತ್ತು.

ನನಗೆ ಹೊಟ್ಟೆಕಿಚ್ಚು. ಅದನ್ನು ಸಕ್ಕರೆಯಲ್ಲಿ ಅದ್ದಿ ಹೇಳುವ ವಿದ್ಯೆ ನನಗೆ ಬರುವುದಿಲ್ಲ. ಭಾವ ಒಂದು ಗೋಲು ಹೊಡೆದರೆ ಮರುದಿನ ಪೇಪರಿನಲ್ಲಿ ಫೋಟೊ. ನನ್ನ ಗಂಡ ಹತ್ತು ಗೋಲು ತಡೆದರೆ ಅದು ಸುದ್ದಿಯಲ್ಲ, ಒಂದು ಬಿಟ್ಟರೆ ಸುದ್ದಿ. ಭಾವನ ಬೆನ್ನ ಮೇಲಿನ ನಂಬರು ಒಂಬತ್ತು. ಜನಕ್ಕೆ ಅವರ ಹೆಸರೇ ಮರೆತುಹೋಗಿ ‘ಒಂಬತ್ತು, ಒಂಬತ್ತು’ ಎಂದೇ ಕೂಗುತ್ತಿದ್ದರು. ತರಕಾರಿಯವನು ಭಾವನ ಹೆಂಡತಿಯನ್ನು ಕಂಡರೆ ಎದ್ದು ನಿಲ್ಲುತ್ತಿದ್ದ. ನನ್ನನ್ನು ಕಂಡರೆ, ‘ಚಿಲ್ಲರೆ ಇದೆಯಾಮ್ಮ’ ಎನ್ನುತ್ತಿದ್ದ.

ಭಾವನ ಹೆಂಡತಿ ಎಂದರೆ ನನ್ನ ಓರಗಿತ್ತಿ. ನಾನು ಅಕ್ಕ ಎನ್ನುತ್ತೇನೆ. ಒಂದೇ ಕಟ್ಟಡದಲ್ಲಿ ಅವರು ಮೇಲೆ, ನಾವು ಕೆಳಗೆ. ಅವರ ಮನೆಗೆ ಬಾಲ್ಕನಿ, ಬೆಳಗಿನ ಬಿಸಿಲು, ಗೋಡೆ ತುಂಬ ಆಟದಲ್ಲಿ ಗೆದ್ದ ಕಪ್ಪುಗಳು. ನಮ್ಮದು ಅಂಗಡಿಯ ಹಿಂದಿನ ಎರಡು ಕೋಣೆ. ಹೊಲಿಗೆ ಮಿಷನ್ನಿನ ಎಣ್ಣೆ ವಾಸನೆ ಹಾಸಿಗೆಯವರೆಗೂ ಬರುತ್ತದೆ. ಅಕ್ಕ ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು. ಆದರೆ ಅವರು ಒಳ್ಳೆಯವರು. ಮಾಡಿದ್ದರಲ್ಲಿ ಒಂದು ಬಟ್ಟಲು ಕೆಳಗೆ ಕಳಿಸದೆ ಊಟ ಮಾಡಿದವರಲ್ಲ. ಆ ಬಟ್ಟಲನ್ನು ತೊಳೆದು ವಾಪಸು ಕೊಡುವಾಗಲೆಲ್ಲ ನನ್ನ ಹೊಟ್ಟೆ ಇನ್ನಷ್ಟು ಉರಿಯುತ್ತಿತ್ತು.

ನನಗೆ ಇದ್ದ ಸಮಾಧಾನ ಒಂದೇ. ಹಿಂದಿನ ಸಾಲು ನನ್ನ ಗಂಡನದು. ಆ ಸಾಲಿನಲ್ಲಿ ನಾಲ್ವರು ಇರುತ್ತಾರೆ, ನಾಲ್ವರನ್ನೂ ನಡೆಸುವವರು ಇವರು. ಮನೆಯಲ್ಲಿ ಬಾಯಿಗೆ ಬೀಗ, ಮೈದಾನಕ್ಕೆ ಇಳಿದರೆ ಆಚೆ ಬೀದಿಗೆ ಕೇಳುವ ಗಂಟಲು. ಜನ ಇವರಿಗೆ ‘ಮೈಕು’ ಎಂದು ಹೆಸರಿಟ್ಟಿದ್ದರು. ಎದುರಿನವನು ಚೆಂಡನ್ನು ಮುಂದಕ್ಕೆ ಒದೆಯಲು ಕಾಲೆತ್ತಿದ ಕೂಡಲೇ ಇವರು ‘ನಡಿ’ ಎಂದು ಕೂಗಬೇಕು, ನಾಲ್ವರೂ ಒಟ್ಟಿಗೆ ಎರಡು ಹೆಜ್ಜೆ ಮುಂದೆ ಬರಬೇಕು. ಆಗ ಗೋಲಿನ ಹತ್ತಿರ ಕಾದು ನಿಂತಿದ್ದ ಎದುರಾಳಿ ಇವರೆಲ್ಲರ ಬೆನ್ನ ಹಿಂದೆ ಉಳಿದುಬಿಡುತ್ತಾನೆ. ಲೈನ್ಸ್‌ಮನ್ ಬಾವುಟ ಎತ್ತುತ್ತಾನೆ, ಅದು ಆಫ್‌ಸೈಡು, ಅವನ ಆಟ ಅಲ್ಲಿಗೆ ಮುಗಿಯಿತು. ಆದರೆ ನಾಲ್ವರಲ್ಲಿ ಒಬ್ಬರು ಹಿಂದೆ ಉಳಿದರೂ ಎಲ್ಲರ ಕೆಲಸ ಹಾಳು. ಹೊಲಿಗೆಯಲ್ಲಿ ಒಂದು ಎಳೆ ಬಿಟ್ಟರೆ ಇಡೀ ಅಂಚು ಬಿಚ್ಚಿಕೊಳ್ಳುವ ಹಾಗೆ.

ಆ ಸಾಲಿಗೇ ಭಾವ ಬಂದು ಸೇರಿಕೊಂಡರು.

ಒಂದು ಸಂಜೆ ನನ್ನ ಗಂಡ ಅಂಗಡಿಗೆ ಬಂದು ಇಸ್ತ್ರಿ ಮೇಜಿನ ಅಂಚಿಗೆ ಒರಗಿ ನಿಂತರು. ಏನೋ ಹೇಳುವುದಿದೆ ಎಂದರೆ ಅವರು ಅಲ್ಲೇ ನಿಲ್ಲುವುದು.

‘ಅಣ್ಣನ್ನ ಹಿಂದಕ್ಕೆ ಹಾಕಿದ್ದಾರೆ’ ಎಂದರು.

‘ಹಿಂದಕ್ಕೆ ಅಂದ್ರೆ? ಬೆಂಚಿಗಾ?’ ಎಂದೆ. ನನ್ನ ಧ್ವನಿಯಲ್ಲಿ ಸಂತೋಷ ಇಣುಕಿತ್ತು ಕಾಣುತ್ತದೆ, ಅವರು ನನ್ನ ಮುಖ ನೋಡಿದರು.

‘ಬೆಂಚಿಗಲ್ಲ. ನನ್ನ ಪಕ್ಕಕ್ಕೆ. ಮುಂದೆ ಓಡೋಕೆ ಕಾಲು ಸಾಲ್ತಿಲ್ಲ ಅಂತ. ಆ ಕಂಬ ಮಂಡಿ ಮುರ್ಕೊಂಡು ಬಿದ್ದಿದ್ದಾನಲ್ಲ, ಅವನ ಜಾಗಕ್ಕೆ.’

ಕಂಬ ಎಂದರೆ ಇವರ ಪಕ್ಕದಲ್ಲಿ ಆಡುತ್ತಿದ್ದ ಎತ್ತರದ ಹುಡುಗ.

‘ಮುಂದೆ ಆಡಿದೋರು ಹಿಂದೆ ಆಡೋಕಾಗತ್ತಾ?’

‘ಆಗತ್ತೆ ಅಂತಾರೆ ಸೀಟಿ ಮಾಸ್ತರು. ಕದ್ದವನಿಗೆ ಗೊತ್ತಂತೆ ಯಾವ ಬಾಗಿಲು ಸಡಿಲ ಅಂತ.’

ಸೀಟಿ ಮಾಸ್ತರು ಕೋಚು. ಸ್ನಾನಕ್ಕೆ ಹೋಗುವಾಗಲೂ ಕೊರಳಿನ ಸೀಟಿ ತೆಗೆಯುವುದಿಲ್ಲ ಎಂದು ಆಟಗಾರರು ಆಡಿಕೊಳ್ಳುತ್ತಾರೆ. ‘ಕಳ್ಳನ ಕೈಗೆ ಕೀಲಿ ಕೊಡೋದು ಅಂದ್ರೆ ಇದೇ’ ಎಂದೆ.

‘ಇನ್ನೊಂದು ವಿಷಯ’ ಎಂದು ಇವರು ಇಸ್ತ್ರಿಪೆಟ್ಟಿಗೆಯ ವೈರು ಸುತ್ತತೊಡಗಿದರು. ‘ಮುಂದಿನ ವರ್ಷಕ್ಕೆ ಹಿಂದಿನ ಸಾಲಿಗೆ ಇಬ್ಬರು ಹೊಸಬರನ್ನ ತರ್ತಾರಂತೆ. ನಮ್ಮಿಬ್ಬರಲ್ಲಿ ಒಬ್ಬರನ್ನ ಮಾತ್ರ ಇಟ್ಕೋತಾರೆ. ನಾನೋ ಅಣ್ಣನೋ, ಉಳಿದ ಮ್ಯಾಚು ನೋಡಿ ಹೇಳ್ತಾರೆ.’

ಕೈಯಲ್ಲಿದ್ದ ಕತ್ತರಿಯನ್ನು ನಾನು ಕೆಳಗಿಟ್ಟೆ. ಇಷ್ಟು ವರ್ಷ ಚಪ್ಪಾಳೆ ಅವರದು, ಫೋಟೊ ಅವರದು, ಬಾಲ್ಕನಿ ಅವರದು. ಕಾಲು ಸೋತ ಮೇಲೆ ಈಗ ತಮ್ಮನ ತಟ್ಟೆಗೆ ಕೈ. ‘ಹೆಂಡ್ತಿ ಮಕ್ಕಳನ್ನೂ ಅವರಿಗೇ ಬಿಟ್ಕೊಟ್ಟು ಬನ್ನಿ, ಆಡಿಸ್ಕೊಳ್ಳಲಿ’ ಎಂದೆ. ನಮಗೆ ಮಕ್ಕಳಿಲ್ಲ, ಆದರೆ ಸಿಟ್ಟಿನಲ್ಲಿ ಲೆಕ್ಕ ಯಾರು ನೋಡುತ್ತಾರೆ?

ಅವರು ವೈರು ಸುತ್ತಿ ಮುಗಿಸಿ ಒಳಗೆ ಹೋದರು.

ಭಾವ ಹಿಂದಿನ ಸಾಲಿಗೆ ಬಂದ ಮೊದಲ ಮ್ಯಾಚಿಗೆ ನಾನು ಅಂಗಡಿ ಮುಚ್ಚಿ ಹೋದೆ. ಅವರು ಎಡವುವುದನ್ನು ಕಣ್ಣಾರೆ ನೋಡಬೇಕಿತ್ತು. ಅಕ್ಕ ಫ್ಲಾಸ್ಕಿನಲ್ಲಿ ಚಹಾ ತಂದಿದ್ದರು. ‘ಅವರಿಗೆ ಹೊಸ ಜಾಗ ಕಣೇ, ಕೈಕಾಲು ನಡುಗ್ತಿದೆ ನಂಗೆ’ ಎಂದು ನನ್ನ ಕೈ ಹಿಡಿದುಕೊಂಡರು. ನಾನೂ ಸೀಟಿನ ಅಂಚಿಗೆ ಬಂದು ಕೂತಿದ್ದೆ, ಕಾರಣ ಬೇರೆ.

ನಾನು ಬಯಸಿದ್ದು ಬೇಗನೇ ಸಿಕ್ಕಿತು. ಭಾವನ ಕಣ್ಣು ಸದಾ ಚೆಂಡಿನ ಮೇಲೆ. ಜೀವಮಾನವೆಲ್ಲ ತಮ್ಮ ಕಾಲಿಗೆ ಚೆಂಡು ಬರುವುದನ್ನು ಕಾದವರು ಅವರು. ಪಕ್ಕದವರ ಜೊತೆ ಹೆಜ್ಜೆ ಹಾಕುವ ಅಭ್ಯಾಸ ಎಲ್ಲಿಂದ ಬರಬೇಕು? ಎದುರಿನವನು ಕಾಲೆತ್ತಿದ. ನನ್ನ ಗಂಡ ಮುಂದೆ ಬಂದರು, ಆಚೀಚೆಯವರೂ ಅವರನ್ನು ನೋಡಿ ಬಂದರು, ಭಾವ ನಿಂತಲ್ಲೇ ನಿಂತಿದ್ದರು. ಗೋಲು. ಅರ್ಧ ಆಟ ಕಳೆದ ಮೇಲೆ ಅದೇ ರೀತಿ ಇನ್ನೊಂದು.

ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಾನು ಚಹಾ ಕುಡಿದೆ. ಬಹಳ ದಿನದ ಮೇಲೆ ಅವರ ಮನೆಯ ಚಹಾ ನನಗೆ ಸಿಹಿಯಾಗಿತ್ತು.

ಆದರೆ ಹಿಂದೆ ಕೂತವರೊಬ್ಬರು, ‘ಏನಪ್ಪ ಇವತ್ತು ಮೈಕಿಗೆ ಕರೆಂಟಿಲ್ವಾ?’ ಎಂದರು. ಸುತ್ತ ಕೂತವರೆಲ್ಲ ನಕ್ಕರು. ಆಗ ನನಗೆ ಹೊಳೆಯಿತು. ನನ್ನ ಗಂಡ ಆ ಮ್ಯಾಚಿನಲ್ಲಿ ಒಂದು ಸಲವೂ ಕೂಗಿರಲಿಲ್ಲ.

ಎರಡು ದಿನದ ಮೇಲೆ ಹೊಲಿದ ಬಟ್ಟೆಯ ಗಂಟು ಹೊತ್ತು ಕ್ಲಬ್ಬಿಗೆ ಹೋದಾಗ ಸೀಟಿ ಮಾಸ್ತರು ಓಣಿಯಲ್ಲೇ ಸಿಕ್ಕರು. ಗಂಟು ಇಳಿಸಿಕೊಳ್ಳುತ್ತಲೇ ಕೇಳಿದರು:

‘ನಿಮ್ಮ ಯಜಮಾನರ ಗಂಟಲಿಗೆ ಏನಾಗಿದೆ ಅಮ್ಮ?’

‘ಏನೂ ಆಗಿಲ್ವಲ್ಲ.’

‘ಹಾಗಾದ್ರೆ ಕೂಗಲ್ಲ ಯಾಕೆ? ಅವರಣ್ಣ ಹೊಸಬ, ತಪ್ಪು ಮಾಡ್ತಾನೆ, ಅದನ್ನ ನಾನು ಲೆಕ್ಕಕ್ಕೇ ಇಟ್ಕೊಂಡಿಲ್ಲ. ಸಾಲು ನಡೆಸೋನೇ ಬಾಯಿ ಬಿಡ್ದೆ ಇದ್ರೆ? ಮೈಕು ಅಂತ ಇಟ್ಕೊಂಡಿದ್ದು, ಮೂಗನ್ನ ಇಟ್ಕೊಂಡು ನಾನೇನು ಮಾಡ್ಲಿ?’

ಮನೆಗೆ ಬರುವ ದಾರಿಯುದ್ದಕ್ಕೂ ನನ್ನ ಕಿವಿ ಕಾದಿತ್ತು. ತಪ್ಪು ಮಾಡಿದವರು ಭಾವ, ಬೈಸಿಕೊಂಡವರು ನನ್ನ ಗಂಡ. ಅಲ್ಲೂ ಅವರದೇ ಅದೃಷ್ಟ.

ಇವರು ಬರುವುದನ್ನೇ ಕಾದಿದ್ದು ಶುರು ಮಾಡಿದೆ. ‘ಯಾಕ್ರೀ ಕೂಗಲ್ಲ?’

ಶೂ ಬಿಚ್ಚುತ್ತ ಕೂತರು. ಒಂದು ಶೂ ಬಿಚ್ಚಿ, ಇನ್ನೊಂದನ್ನು ಬಿಚ್ಚಿ, ಎರಡನ್ನೂ ಜೋಡಿಸಿಟ್ಟ ಮೇಲೆ ಬಾಯಿ ಬಿಟ್ಟರು.

‘ಅಣ್ಣನಿಗೆ ನಡಿ ಅಂತ ಹೇಗೆ ಕೂಗ್ಲಿ ಕಣೇ?’

‘ಬಾಯಲ್ಲಿ ಕೂಗಿ.’

‘ತಮಾಷೆ ಅಲ್ಲ. ಅಪ್ಪ ಹೋದಾಗ ನಾನಿನ್ನೂ ಗಿಡ್ಡ. ಶೂ ಕಟ್ಟೋದು ಕಲಿಸಿದ್ದು ಅಣ್ಣ, ಮೈದಾನಕ್ಕೆ ಹೆಗಲ ಮೇಲೆ ಹೊತ್ಕೊಂಡು ಹೋಗಿದ್ದು ಅಣ್ಣ. ಇವತ್ತಿನವರೆಗೆ ಅವರಿಗೆ ಬನ್ನಿ ಹೋಗಿ ಅಂತ್ಲೇ ಅಂದೋನು ನಾನು. ಗಂಟಲವರೆಗೆ ಬರತ್ತೆ. ಅಷ್ಟರಲ್ಲಿ ಅವರ ಮುಖ ಕಾಣತ್ತೆ. ಅಣ್ಣಾ ಅನ್ನೋಷ್ಟರಲ್ಲಿ ಚೆಂಡು ಹೋಗಿರತ್ತೆ.’

ಇದಕ್ಕೆ ಅಳಬೇಕೋ ನಗಬೇಕೋ? ಹದಿನೈದು ವರ್ಷ ಊರಿನವರನ್ನೆಲ್ಲ ಗದರಿಸಿ ಮುಂದೆ ಹಿಂದೆ ಓಡಾಡಿಸಿದ ಗಂಟಲು ಒಬ್ಬ ಅಣ್ಣನ ಮುಂದೆ ಒಣಗಿಹೋಗಿತ್ತು. ಇನ್ನು ಆ ಅಣ್ಣನೋ, ತಮ್ಮ ಕೂಗದಿದ್ದರೆ ಎಲ್ಲಿ ನಿಲ್ಲಬೇಕೆಂದೇ ತಿಳಿಯದವರು. ತಮ್ಮನನ್ನು ಕೇಳುವುದಕ್ಕೆ ಅವರಿಗೂ ದೊಡ್ಡಸ್ತಿಕೆ ಅಡ್ಡ. ಒಬ್ಬರ ಮರ್ಯಾದೆ, ಇನ್ನೊಬ್ಬರ ಬಿಗುಮಾನ. ಮಧ್ಯದಲ್ಲಿ ನನ್ನ ಸಂಸಾರ.

‘ಬಾಯಿದ್ದೋನು ಬರದಲ್ಲೂ ಬದುಕಿದನಂತೆ’ ಎಂದೆ. ‘ನೀವು ಹೀಗೇ ಬಾಯಿ ಮುಚ್ಕೊಂಡಿದ್ರೆ ಆ ಜಾಗಾನೂ ಅವರ ಪಾಲು. ಮುಂದಿನ ವರ್ಷ ಮೇಲಿನ ಮನೇಲಿ ಕಪ್ಪು ಒರಸೋಕೆ ನನ್ನ ಕಳಿಸಿ.’

‘ಕಪ್ಪು ಒರಸೋದ್ರಲ್ಲಿ ಏನು ತಪ್ಪು?’ ಎಂದರು ಈ ಮಹಾನುಭಾವರು.

ನಾನು ಬಿಡುವವಳಲ್ಲ. ಭಾನುವಾರ ಮಧ್ಯಾಹ್ನ ಅಂಗಡಿಯ ಬಾಗಿಲು ಅರ್ಧ ಎಳೆದು, ಕತ್ತರಿಸುವ ಮೇಜನ್ನು ಗೋಡೆಗೆ ಸರಿಸಿ, ಎರಡು ಸ್ಟೂಲು ಸಾಲಾಗಿ ಇಟ್ಟೆ. ಮೂರನೆಯದಾಗಿ ಬಟ್ಟೆ ತೊಡಿಸುವ ತಲೆಯಿಲ್ಲದ ಗೊಂಬೆಯನ್ನು ನಿಲ್ಲಿಸಿದೆ. ಅದರ ಪಕ್ಕದಲ್ಲಿ ಇವರನ್ನು ನಿಲ್ಲಿಸಿದೆ.

‘ಈ ಗೊಂಬೆ ನಿಮ್ಮಣ್ಣ. ಕೂಗಿ.’

‘ತಲೆಯೇ ಇಲ್ವಲ್ಲೇ ಇದಕ್ಕೆ.’

‘ಅದಕ್ಕೇ ಸರಿಯಾಗಿದೆ. ಮುಖ ಕಾಣಲ್ಲ, ಕೂಗಿ.’

ಮೊದಲ ಸಲ ಬೆಕ್ಕು ಕೆಮ್ಮಿದ ಹಾಗೆ ಕೇಳಿತು. ಎರಡನೆಯ ಸಲ ಸ್ವಲ್ಪ ಮೇಲು. ನಾನು ಬೈದೆ, ಕೆಣಕಿದೆ, ಕೊನೆಗೆ ಭಾವನ ಒಂದು ಹರಿದ ಅಂಗಿಯನ್ನು ಗೊಂಬೆಗೆ ತೊಡಿಸಿದೆ. ಒಂಬತ್ತನೇ ನಂಬರು ಕಂಡ ಕೂಡಲೇ ಅವರ ಧ್ವನಿ ಮತ್ತೆ ಇಳಿದುಹೋಯಿತು. ಆಗ ನನಗೆ ತಡೆಯಲಾಗಲಿಲ್ಲ. ಗೊಂಬೆಯನ್ನು ಪಕ್ಕಕ್ಕೆ ತಳ್ಳಿ ಆ ಜಾಗದಲ್ಲಿ ನಾನೇ ನಿಂತೆ.

‘ಅಣ್ಣ ಚೆನ್ನಾಗಿ ಆಡಬೇಕೋ ಬೇಡ್ವೋ?’ ಎಂದೆ. ಆ ಮಾತು ನನ್ನ ಬಾಯಿಂದ ಹೇಗೆ ಬಂತೋ. ಭಾವ ಚೆನ್ನಾಗಿ ಆಡುವುದು ನನಗೆ ಬೇಕಿರಲಿಲ್ಲ. ಇವರ ಬಾಯಿ ಬಿಡಿಸಲು ನನ್ನ ಬಳಿ ಉಳಿದಿದ್ದ ಕೀಲಿ ಅದೊಂದೇ. ‘ಜನ ನಗ್ತಿದ್ದಾರೆ ನಿಮ್ಮಣ್ಣನ್ನ ನೋಡಿ. ನೀವು ಮರ್ಯಾದೆ ಅಂತ ಸುಮ್ನಿದ್ದೀರಿ, ಅವರ ಮರ್ಯಾದೆ ಅಲ್ಲಿ ಮಣ್ಣು ಮುಕ್ತಿದೆ. ಹೇಳಿ ಈಗ.’

‘ನಡಿ!’

ಗಾಜಿನ ಡಬ್ಬಿಯಲ್ಲಿದ್ದ ಗುಂಡಿಗಳು ಅಲುಗಾಡಿದವು. ನನ್ನ ಕಾಲು ನನ್ನನ್ನು ಕೇಳದೆ ಎರಡು ಹೆಜ್ಜೆ ಮುಂದೆ ಹೋಗಿತ್ತು.

ಮೆಟ್ಟಿಲಿನ ಮೇಲೆ ದಡದಡ ಸದ್ದು. ಅಕ್ಕ ಅರ್ಧ ಬಾಗಿಲಿನ ಕೆಳಗೆ ಬಗ್ಗಿ ಒಳಗೆ ಬಂದರು, ಕೈಯಲ್ಲಿ ಸೌಟು. ‘ಏನಾಯ್ತೇ? ಮನೆಯಿಂದ ಆಚೆ ಹಾಕ್ತಿದ್ದಾನಾ ನಿನ್ನ?’ ಎಂದು ನನ್ನನ್ನು ಬೆನ್ನ ಹಿಂದೆ ಎಳೆದುಕೊಂಡು, ಇವರ ಕಡೆ ಸೌಟು ಎತ್ತಿದರು. ‘ಏನೋ, ಹೆಂಡ್ತಿ ಮೇಲೆ ಗಂಟಲು ತೋರಿಸ್ತೀಯಾ? ನಡೆಯೋ ಮೇಲೆ, ನಿಮ್ಮಣ್ಣನ ಹತ್ರ ಹೇಳ್ತೀನಿ.’

ಇವರು ಕಿವಿಯವರೆಗೆ ಕೆಂಪಾಗಿ ಸ್ಟೂಲಿನ ಮೇಲೆ ಕೂತರು. ಅಭ್ಯಾಸ ಮಾಡುತ್ತಿದ್ದೆವು ಎಂದು ನಾನು ಹೇಳಿದೆ. ಯಾಕೆ ಎಂದು ಹೇಳಲಿಲ್ಲ. ಅಕ್ಕ ಒಂಬತ್ತನೇ ನಂಬರಿನ ಅಂಗಿ ತೊಟ್ಟ ಗೊಂಬೆಯನ್ನೂ ಸಾಲಾಗಿಟ್ಟ ಸ್ಟೂಲುಗಳನ್ನೂ ನೋಡಿದರು. ಅರ್ಥವಾಗಿರಬೇಕು. ‘ಓ’ ಎಂದಷ್ಟೇ ಅಂದು ಸೌಟು ಕೆಳಗಿಳಿಸಿದರು. ಮೆಟ್ಟಿಲು ಹತ್ತುವಾಗ ನಿಂತು, ‘ಕೂಗೋದಾದ್ರೆ ಜೋರಾಗೇ ಕೂಗೋಕೆ ಹೇಳು. ನಮ್ಮನೆಯವರಿಗೆ ಮೆತ್ತಗಿನ ಮಾತು ಕೇಳಿಸಲ್ಲ’ ಎಂದರು.

ನನಗೆ ಬೇಕಿದ್ದುದು ಇಷ್ಟೇ. ಇವರು ಕೂಗಬೇಕು, ಸಾಲು ನಡೆಸುವವರು ಯಾರು ಎಂದು ಸೀಟಿ ಮಾಸ್ತರಿಗೆ ಕಾಣಬೇಕು, ಮುಂದಿನ ವರ್ಷದ ಜಾಗ ನಮ್ಮದಾಗಬೇಕು. ಭಾವ ಕೂಗಿಗೆ ಕಿವಿಗೊಡದೆ ಮುಖ ಊದಿಸಿಕೊಂಡು ನಿಂತರಂತೂ ಇನ್ನೂ ಒಳ್ಳೆಯದು. ಹಾಗೆಯೇ ಆಗುತ್ತದೆ ಎಂದು ನನಗೆ ಖಾತ್ರಿಯಿತ್ತು. ಹೆಂಡತಿಯ ಮಾತೇ ಕೇಳದವರು ತಮ್ಮನ ಮಾತು ಕೇಳುತ್ತಾರೆಯೇ?

ಮುಂದಿನ ಮ್ಯಾಚು ಆ ವರ್ಷದ ಬಲವಾದ ತಂಡದ ಮೇಲೆ. ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಅವರ ಹುಡುಗನೊಬ್ಬ ನಡುಮೈದಾನದಲ್ಲಿ ತಲೆ ಎತ್ತಿ ನೋಡಿದ, ಕಾಲೆತ್ತಿದ.

‘ನಡಿ!’

ಭಾವ ಬೆಚ್ಚಿಬಿದ್ದು ತಮ್ಮನ ಕಡೆ ತಿರುಗಿದರು. ಮುಖ ನೋಡುವ ಹಾಗಿತ್ತು, ಕೆನ್ನೆಗೆ ಏಟು ಬಿದ್ದವರ ಹಾಗೆ. ಆದರೆ ಕಾಲು ಮುಂದೆ ಬಂದಿತ್ತು. ನಾಲ್ವರೂ ಒಂದೇ ಗೆರೆಯಲ್ಲಿದ್ದರು, ಬಾವುಟ ಮೇಲೆ ಹೋಯಿತು. ‘ಮೈಕಿಗೆ ಕರೆಂಟ್ ಬಂತಪ್ಪ’ ಎಂದು ಹಿಂದಿನವರು ಚಪ್ಪಾಳೆ ತಟ್ಟಿದರು. ನಾನು ತಲೆ ಎತ್ತಿ ಕೂತೆ.

ಆಮೇಲಿನದು ನಾನು ಎಣಿಸದೇ ಇದ್ದದ್ದು. ಒಂದು ಸಲ ಕೂಗಿದ ಮೇಲೆ ಇವರಿಗೆ ಅಣ್ಣ ಎಂಬ ಅಳುಕೇ ಹೋಯಿತು. ‘ನಡಿ’, ‘ನಿಲ್ಲು’, ‘ಎಡಕ್ಕೆ’, ‘ಅವನ್ನ ಬಿಡು’. ಭಾವನೂ ಮೊದಲ ಅವಮಾನ ನುಂಗಿಕೊಂಡ ಮೇಲೆ ಹೇಳಿದ್ದನ್ನೆಲ್ಲ ಕೇಳಿದರು. ಎಲ್ಲಿ ನಿಲ್ಲಬೇಕು ಎಂಬ ಚಿಂತೆ ತಮ್ಮನ ಪಾಲಿಗೆ ಹೋದದ್ದೇ ಭಾವನ ಕಳ್ಳಬುದ್ಧಿ ಎಚ್ಚರವಾಯಿತು. ಎದುರಿನ ಹುಡುಗ ಎಡಕ್ಕೆ ಓಡುವ ಹಾಗೆ ತೋರಿಸಿ ಬಲಕ್ಕೆ ಹೊರಟರೆ ಭಾವ ಮೊದಲೇ ಬಲದಲ್ಲಿ ನಿಂತಿರುತ್ತಿದ್ದರು. ಆ ಮೋಸವನ್ನೆಲ್ಲ ಅವರು ಇಪ್ಪತ್ತು ವರ್ಷ ಬೇರೆಯವರಿಗೆ ಮಾಡಿದವರಲ್ಲವೇ? ಕೊನೆಗೆ ಒಬ್ಬ ನುಗ್ಗಿ ಬಂದಾಗ ಭಾವ ಜಾರಿ ಬಿದ್ದು ಅವನ ಕಾಲಿನಿಂದ ಚೆಂಡು ಕಿತ್ತರು. ನೆಲಕ್ಕೆ ತಾಗಿದ್ದು ಎಡ ಸೊಂಟ. ಎದುರಿನ ತಂಡಕ್ಕೆ ಒಂದು ಗೋಲೂ ಸಿಗಲಿಲ್ಲ.

ಆಟ ಮುಗಿದಾಗ ಅಣ್ಣತಮ್ಮಂದಿರು ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಹಾಕಿಕೊಂಡು ಬಂದರು. ನನ್ನ ಗಂಡನ ಗಂಟಲು ಪೂರಾ ಹೋಗಿತ್ತು. ಏನೋ ಪಿಸುಗುಟ್ಟಿದರು, ಭಾವ ಬಿದ್ದು ಬಿದ್ದು ನಕ್ಕರು, ಇವರೂ ನಕ್ಕರು. ಇವರು ಹಾಗೆ ನಗುವುದನ್ನು ನಾನು ನೋಡಿದ್ದೇ ಇಲ್ಲ. ಮದುವೆಯಾದ ಹೊಸತರಲ್ಲೂ ಇಲ್ಲ. ಅಲ್ಲಿಯವರೆಗೆ ನನ್ನ ಹೊಟ್ಟೆಕಿಚ್ಚು ಬಾಲ್ಕನಿಯ ಮೇಲೆ, ಫೋಟೊಗಳ ಮೇಲೆ. ಆ ಹೊತ್ತು ಅದು ಭಾವನ ಮೇಲೇ ತಿರುಗಿತು. ಆ ನಗು ಅವರಿಗೆ ಸಿಕ್ಕಿತ್ತು, ನನಗೆ ಸಿಕ್ಕಿರಲಿಲ್ಲ.

ಅಕ್ಕ ನನ್ನ ಪಕ್ಕ ನಿಂತು ನೋಡುತ್ತಿದ್ದರು. ‘ಒಂದು ಮಾತು ಹೇಳ್ಲಾ?’ ಎಂದರು. ‘ಗ್ಯಾಸ್ ಆಫ್ ಮಾಡಿ ಅಂತ ಹತ್ತು ಸಲ ಅಂದ್ರೂ ಎದ್ದೋರಲ್ಲ ಇವರು. ನಿನ್ನ ಗಂಡ ಒಂದು ಸಲ ಕೂಗಿದ್ರೆ ಮಗು ಹಾಗೆ ಓಡ್ತಾರೆ. ನಂಗೆ ಹೊಟ್ಟೆ ಉರಿದುಹೋಯ್ತು ಕಣೇ.’

ಆ ಹೆಂಗಸಿಗೂ ನಮ್ಮ ಮನೆಯದು ಏನಾದರೂ ಬೇಕೆನಿಸಬಹುದು ಎಂದು ನಾನು ಯೋಚಿಸಿಯೇ ಇರಲಿಲ್ಲ.

ಮರುದಿನ ಕ್ಲಬ್ಬಿನಿಂದ ಬಟ್ಟೆಯ ಗಂಟು ಬಂತು. ಬಿಚ್ಚಿದರೆ ಎರಡು ಚಡ್ಡಿಗಳು ಒಂದೇ ಕಡೆ ಹರಿದಿದ್ದವು. ಎಡ ಸೊಂಟ. ನಂಬರು ನೋಡದೆ ಯಾವುದು ಯಾರದು ಎಂದು ಹೇಳುವ ಹಾಗಿರಲಿಲ್ಲ. ಭಾವನ ಅಂಗಿಯ ಕಾಲರು ನೆಟ್ಟಗಿತ್ತು. ನನಗೆ ಆಗಲೇ ಗೊತ್ತಾಯಿತು. ನಾನು ತೋಡಿದ ಗುಂಡಿಗೆ ನಾನೇ ಬಿದ್ದಿದ್ದೆ. ಭಾವ ಹಿಂದೆ ಆಡಲು ಕಲಿತುಬಿಟ್ಟಿದ್ದರು, ಕಲಿಸಿದ್ದು ನನ್ನ ಗಂಡನ ಗಂಟಲು, ಆ ಗಂಟಲಿಗೆ ಎಣ್ಣೆ ಹಾಕಿದ್ದು ನಾನು. ಎರಡಕ್ಕೂ ಒಂದೇ ಬಣ್ಣದ ದಾರ ಹಾಕಿ ತೇಪೆ ಹೊಲಿದೆ. ಭಾವನದನ್ನು ಹೊಲಿಯುವಾಗ ಸೂಜಿ ಎರಡು ಸಲ ಮುರಿಯಿತು.

ಉಳಿದ ಮ್ಯಾಚುಗಳೂ ಹಾಗೇ ನಡೆದವು. ಕೊನೆಯದು ಮುಗಿದ ಮೇಲೆ ಸೀಟಿ ಮಾಸ್ತರು ಭಾವನನ್ನೇ ಇಟ್ಟುಕೊಂಡರು. ಹಿಂದೆಯೂ ಆಗುತ್ತಾರೆ, ಕೊನೆಯ ಹತ್ತು ನಿಮಿಷ ಬೇಕೆಂದರೆ ಮುಂದೆ ಕಳಿಸಿ ಗೋಲೂ ಹೊಡೆಸಬಹುದು, ಒಂದೇ ಆಳಿನಲ್ಲಿ ಎರಡು ಕೆಲಸ. ಜೊತೆಗೆ ಜನ ಬರುವುದು ಒಂಬತ್ತನ್ನು ನೋಡಲು. ಲೆಕ್ಕ ಸರಿಯಾಗಿಯೇ ಇತ್ತು, ಅದೇ ನನ್ನ ಉರಿ. ತಪ್ಪು ಲೆಕ್ಕವಾಗಿದ್ದರೆ ಬೈದು ಹಗುರಾಗಬಹುದಿತ್ತು.

ಆ ಸಂಜೆ ಭಾವ ಕೆಳಗೆ ಬಂದರು. ನಮ್ಮ ಮನೆಯೊಳಗೆ ಅವರು ಬಂದು ಕೂರುವುದು ಅಪರೂಪ. ಹೊಲಿಗೆಗೆ ಬಂದ ಪ್ಯಾಂಟುಗಳನ್ನು ಕುರ್ಚಿಯಿಂದ ತಾವೇ ಎತ್ತಿಟ್ಟು ಕೂತರು.

‘ನಾನು ಇನ್ನೂ ಸೈನ್ ಹಾಕಿಲ್ಲ’ ಎಂದರು ತಮ್ಮನಿಗೆ. ‘ಆ ಜಾಗ ನಿಂದು. ನೀನು ಬೇಡ ಅಂದ್ರೆ ನಾನು ನಾಳೆಯಿಂದ ಮನೇಲೇ ಇರ್ತೀನಿ.’

ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಇವರನ್ನು ಕಣ್ಣಲ್ಲೇ ಇರಿಯುತ್ತಿದ್ದೆ. ಅನ್ನಿ, ಬೇಡ ಅನ್ನಿ. ಒಂದು ಮಾತು. ಜೀವಮಾನದಲ್ಲಿ ಒಂದು ಸಲ ನಿಮ್ಮದನ್ನು ನಿಮ್ಮದು ಅನ್ನಿ.

ಇವರು ಅಣ್ಣನ ಮುಖ ನೋಡಿದರು. ಆಮೇಲೆ ಮೈದಾನದ ಧ್ವನಿಯೂ ಅಲ್ಲದ, ಮನೆಯ ಧ್ವನಿಯೂ ಅಲ್ಲದ ಒಂದು ಧ್ವನಿಯಲ್ಲಿ ಅಂದರು:

‘ನಡಿ ಅಣ್ಣ.’

ಭಾವ ಎದ್ದು ನಿಂತರು. ಕಣ್ಣಿನಲ್ಲಿ ನೀರಿತ್ತು. ಹೋಗುವಾಗ ನನ್ನ ಕಡೆ ನೋಡಿ ಏನೋ ಹೇಳಲು ಬಾಯಿ ತೆರೆದರು, ನಾನು ಒಳಗೆ ಹೋಗಿ ಪಾತ್ರೆಗಳನ್ನು ಸದ್ದು ಮಾಡಿ ಇಟ್ಟೆ. ಆ ರಾತ್ರಿ ಅಕ್ಕ ಕಳಿಸಿದ ಬಟ್ಟಲನ್ನು ಮುಚ್ಚಳ ತೆಗೆಯದೆ ಹಾಗೇ ವಾಪಸು ಕಳಿಸಿದೆ. ಅವರು ಮರುದಿನ ಮತ್ತೆ ಕಳಿಸಿದರು. ಹೆಂಗಸಿಗೆ ರೋಷ ಎನ್ನುವುದೇ ಇಲ್ಲ.

ನನ್ನ ಗಂಡ ಈಗ ಒಂದು ಕಾರ್ಖಾನೆಯ ತಂಡಕ್ಕೆ ಸಂಜೆ ಆಟ ಕಲಿಸುತ್ತಾರೆ. ಬೆಳಿಗ್ಗೆ ಅಂಗಡಿಯಲ್ಲಿ ಇಸ್ತ್ರಿ ಹಾಕುತ್ತಾರೆ. ಅವರ ಚಡ್ಡಿ ಈಗ ಎಲ್ಲೂ ಹರಿಯುವುದಿಲ್ಲ.

ಹೊಸ ವರ್ಷದ ಮೊದಲ ಮ್ಯಾಚಿಗೆ ನಾನು ಬರುವುದಿಲ್ಲ ಎಂದಿದ್ದೆ. ಇವರು ಬಲವಂತ ಮಾಡಲಿಲ್ಲ, ಅದಕ್ಕೇ ಹೋದೆ. ಕಾರ್ನರ್ ಬಾವುಟದ ಪಕ್ಕ, ಗೆರೆಗೆ ಹತ್ತಿಕೊಂಡೇ ಇರುವ ಗ್ಯಾಲರಿಯ ಕೆಳಗಿನ ಮೆಟ್ಟಿಲಿನಲ್ಲಿ ಕೂತೆವು. ಭಾವನ ಬೆನ್ನು ಕಲ್ಲೆಸೆದರೆ ತಾಗುವಷ್ಟು ಹತ್ತಿರದಲ್ಲಿತ್ತು. ಎಸೆಯುವ ಆಸೆಯೂ ನನಗೆ ಬಾರದೆ ಇರಲಿಲ್ಲ. ಅವರ ಪಕ್ಕದಲ್ಲಿ ಹೊಸ ಹುಡುಗ. ಹೆಸರುವಾಸಿ ಒಂಬತ್ತಕ್ಕೆ ‘ನಡಿ’ ಎನ್ನುವ ಎದೆ ಅವನಿಗೂ ಇರಲಿಲ್ಲ. ಬಾಯಿ ತೆರೆಯುತ್ತಿದ್ದ, ಮುಚ್ಚುತ್ತಿದ್ದ.

ಎದುರಿನವನು ತಲೆ ಎತ್ತಿದ. ಕಾಲೆತ್ತಿದ. ಮೂವರು ಮುಂದೆ ಬರಲು ಸಜ್ಜಾಗಿದ್ದರು, ಭಾವ ಚೆಂಡನ್ನೇ ನೋಡುತ್ತ ಹಿಂದೆ ನಿಂತಿದ್ದರು. ಈಗ ಗೋಲಾಗುತ್ತದೆ, ಜನ ನಗುತ್ತಾರೆ, ನನ್ನ ಹೊಟ್ಟೆ ತಣ್ಣಗಾಗುತ್ತದೆ ಎಂದುಕೊಂಡೆ.

ಪಕ್ಕದಲ್ಲಿ ನನ್ನ ಗಂಡ ಎದ್ದು ನಿಂತರು. ‘ನಡಿ!’

ಭಾವ ತಿರುಗಿ ನೋಡಲೂ ಇಲ್ಲ. ಎರಡು ಹೆಜ್ಜೆ ಮುಂದೆ ಬಂದರು, ಅಷ್ಟೇ. ಬಾವುಟ ಮೇಲೆ ಹೋಯಿತು. ಮೈದಾನ ಪೂರ್ತಿ ಎದ್ದು ನಿಂತು ‘ಒಂಬತ್ತು, ಒಂಬತ್ತು’ ಎಂದು ಕೂಗಿತು. ಭಾವ ತಮ್ಮನ ಧ್ವನಿ ಬಂದ ಕಡೆಗೆ, ಬೆನ್ನ ಹಿಂದೆಯೇ, ಒಂದು ಕೈ ಎತ್ತಿದರು. ಜನ ಅದನ್ನು ತಮಗೆ ಎಂದುಕೊಂಡು ಇನ್ನೂ ಜೋರಾಗಿ ತಟ್ಟಿದರು.

ಇವರು ಮುಖ ಅರಳಿಸಿಕೊಂಡು ಕೂತರು. ನಾನು ಎದ್ದು ಮೈದಾನಕ್ಕೆ ಬೆನ್ನು ಹಾಕಿ, ಇವರ ಎದುರಿಗೆ ನಿಂತು ಚಪ್ಪಾಳೆ ತಟ್ಟತೊಡಗಿದೆ. ಪಕ್ಕದವರು ನನ್ನನ್ನು ವಿಚಿತ್ರವಾಗಿ ನೋಡಿದರು.

‘ಏಯ್, ಆಟ ಆ ಕಡೆ ಕಣೇ’ ಎಂದರು ಇವರು.

‘ಆ ಕಡೆ ತಟ್ಟೋಕೆ ಅಷ್ಟು ಜನ ಇದ್ದಾರಲ್ಲ’ ಎಂದೆ, ಅಂಗೈ ಉರಿಯುವವರೆಗೆ ತಟ್ಟಿದೆ.